ರೈಲಿ ಮೋಟಾರಿನ ಗಾದಿ, ಬೀರವ್ವನ ಕೈ

ನಿನ್ನೆ ಅಪ್ಪ ಸುಳ್ಳು ಹೇಳುವಾಗ ನಾನೇಕೆ ಸೆರಗಿನ ಅಂಚು ತಿರುವುತ್ತ ನಿಂತೆ? ಬೆಳಕು ಹರಿಯುವ ಮೊದಲೇ ಎಚ್ಚರಾದ ನೀಲಗಂಗಾ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಬಿ.ಎ. ಪಾಸಾಗಿದ್ದಾಳೆ. ಒಂದು ಹೆಸರು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಅವರ ಅಂಗಡಿಯ ಹಿಂದೆ ತಗಡಿನ ಶೆಡ್ಡು. ನೀಲಗಂಗಾ ಅಲ್ಲಿಗೆ ಬಂದಾಗ ಆಗಲೇ ಬೀರವ್ವ ಕೂತಿದ್ದಾಳೆ. ರೈಲಿ ಎಂಬ ವಿಲಾಯತಿ ಕಂಪನಿಯ ಹಸಿರು ಮೋಟಾರಿನ ಹಿಂದಿನ ಗಾದಿಯನ್ನು ಕಳಚಿ ಕಂಬಳಿಯ ಮೇಲೆ ಮಗುಚಿಕೊಂಡು, ದಬ್ಬಣದ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಾಳೆ. ಬಿಚ್ಚಿದಲ್ಲೆಲ್ಲ ಅರಿಶಿನದ ಪುಡಿ ಉದುರುತ್ತದೆ.

ಈ ಮೋಟಾರು ಹಿಂದೆ ಒಬ್ಬ ಗಿರಣಿ ಸಾಹೇಬನದು. ಓಟಕ್ಕೆ ಹೆಸರಾದದ್ದು, ಸಾಹೇಬ ವಿಲಾಯತಿಗೆ ಹೋದ ಮೇಲೆ ಬೇವಿನ ಗಿಡದ ಕೆಳಗೆ ನಿಂತು ಕೋಳಿ ಮೊಟ್ಟೆ ಇಡುವ ಜಾಗವಾಗಿತ್ತು. ನೀಲಗಂಗಾಳ ಅಪ್ಪ, ಚಾದರದ ವ್ಯಾಪಾರಿ ಶಂಕರೆಪ್ಪ, ಅದನ್ನು ಕೊಂಡು ಹೊಸದರಂತೆ ಮಾಡಿಸಿದ್ದಾರೆ, ಈಗ ಮಾರಾಟಕ್ಕಿಟ್ಟಿದ್ದಾರೆ. ಇಂಜಿನ್ನು ಏಳಿಸಿದವ ಮಿಸ್ತ್ರಿ ತುಕಾರಾಮ ಎಂಬುದು ಓಣಿಗೆಲ್ಲ ಗೊತ್ತು. ಗಾದಿ ಹೊಲಿದವಳ ಹೆಸರು ಯಾರೂ ಕೇಳಿಲ್ಲ.

ಬೀರವ್ವ ಮಂಗಳವೇಢೆ ಕಡೆಯ ಸಲಗರ ಬುದ್ರುಕ ಎಂಬ ಹಳ್ಳಿಯವಳು. ಗಂಡ ಧರೆಪ್ಪ ಕುರಿ ಕಾಯುತ್ತಾನೆ. ಕಂಬಳಿ ಮಾರಲು ಸೊಲ್ಲಾಪುರಕ್ಕೆ ಬಂದವಳನ್ನು ಶಂಕರೆಪ್ಪನವರು ಗಾದಿಗೆ ಉಣ್ಣೆ ತುಂಬಲು ಕರೆದರು. ಮೊದಲ ಸಲ ಕಂಬಳಿಗೆ ಹಾಕಿದಂತೆ ಹುಣಸೆ ಬೀಜದ ಗಂಜಿ ಹಾಕಿಬಿಟ್ಟಳು. ಗಾದಿ ಒಣಗಿ ಹಲಗೆಯಾಯಿತು.

"ತುಕಾರಾಮ ಕುಂತು ನೋಡಿದ. 'ಬೀರವ್ವಾ, ಇದರ ಮ್ಯಾಗ ರೊಟ್ಟಿ ಬಡೀಬಹುದು ನೋಡು' ಅಂದ," ಎಂದು ಬೀರವ್ವ ನಗುತ್ತಾಳೆ. "ಎಲ್ಲಾ ಕಿತ್ತು, ತೊಳದು, ಮತ್ತ ಹಿಂಜಿದೆ. ಬೆರಳು ಬಾತು ಬಳಿ ಏರಲಿಲ್ಲ."

ಎರಡನೆಯ ಸಲ ತುಂಬಿದ ಗಾದಿ ಕೂತವರನ್ನು ಏಳಗೊಡಲಿಲ್ಲ. ನಿನ್ನೆ ಅಕ್ಕಲಕೋಟೆಯ ಶಾಂತಲಿಂಗಪ್ಪನವರು ಮೋಟಾರು ನೋಡಲು ಬಂದರು. ಯಾತ್ರಿಕರಿಗೆ ಬಾಡಿಗೆ ಮೋಟಾರು ಓಡಿಸುವ ಸಾಹುಕಾರರು. ಸುಖವಾಗಿ ಕೂತರು, ಎದ್ದಾಗ ಬಿಳಿ ಧೋತರದ ಹಿಂಬದಿಯೆಲ್ಲ ಹಳದಿ.

"ಮೈಲಾರಕ್ಕ ಹೋಗಿ ಭಂಡಾರದಾಗ ಹೊರಳಿ ಬಂದಂಗ ಆತಲ್ಲೋ ಶಂಕರೆಪ್ಪ," ಅಂದರು.

"ಮುಂಬಯಿ ಕಾರೀಗರ ಹೊಲದಾನ್ರಿ. ಏನ ಹಾಕ್ಯಾನೋ ಏನೋ," ಅಂದರು ಅಪ್ಪ. ಕುರಿ ಕಾಯುವ ಧನಗರ ಹೆಂಗಸು ಕೈಯಾರೆ ತುಂಬಿದ ಗಾದಿ ಎಂದರೆ ವಿಲಾಯತಿ ಮೋಟಾರಿನ ಮಾನ ಇಳಿದೀತು ಎಂದು ಅವರ ಲೆಕ್ಕ. ಸಾಹುಕಾರರು ನಾಳೆ ಬರುತ್ತೇನೆಂದು ಹೋದರು. ಹೋಗುವಾಗ, ತಮ್ಮ ಎರಡು ಮೋಟಾರಿನ ಗಾದಿಗಳನ್ನೂ ಆ ಕಾರೀಗರನಿಂದಲೇ ಮಾಡಿಸುವ ಮನಸ್ಸಿತ್ತು, ಈಗ ಯೋಚನೆ ಮಾಡಬೇಕು ಅಂದರು.

"ಗಾದ್ಯಾಗ ಅರಿಶಿನದ ಭಂಡಾರ ಯಾಕ ಹಾಕಿದೆವ್ವಾ?" ನೀಲಗಂಗಾ ಕೇಳುತ್ತಾಳೆ.

"ಉಣ್ಣಿಗೆ ಭಂಡಾರ ಹಾಕಲಾರದ ಹೊಲಿಯೂದು ಹ್ಯಾಂಗವ್ವಾ? ಕಂಬಳಿ ಅಂದ್ರ ನಮ್ಮ ದೇವರು ಬೀರೋಬಾನ ಗದ್ದಿಗಿ. ಚಿಟಿಕಿ ಸಾಕಿತ್ತು. ವಿಲಾಯತಿ ಮೋಟಾರು, ಗಾಳಿ ಹಂಗ ಓಡತೈತಿ ಅಂದ್ರು. ಬಿದ್ದು ಗಿದ್ದೀತಂತ ಎರಡ ಮುಷ್ಟಿ ಹಾಕಿದೆ."

ನೀಲಗಂಗಾಳಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಇದು ತಪ್ಪೇ? ತಪ್ಪಾದರೆ ಎಂಥ ತಪ್ಪು?

ಊರಿಗೆ ವಾಪಸು ಬಾ ಎಂದು ಧರೆಪ್ಪ ಹೇಳಿಕಳಿಸಿದ್ದಾನೆ. ಅಕ್ಕಲಕೋಟೆಯ ಕೆಲಸ ಸಿಕ್ಕರೆ ಮಾತ್ರ ಬೀರವ್ವ ಇಲ್ಲಿ ಉಳಿಯಬಹುದು. "ಕುರಿ ಹಿಂದ ಅಡ್ಡಾಡಿ ಕಾಲು ಹೋಗ್ಯಾವ. ಇದು ಕುಂತು ಮಾಡೂ ಕೆಲಸ. ಮ್ಯಾಲಾಗಿ ನನಗ ಇದು ಬರತೈತಿ," ಎನ್ನುತ್ತಾಳೆ, ಉಣ್ಣೆಯನ್ನು ಬೆಳಕಿಗೆ ಹಿಡಿದು ಕೊಡವುತ್ತ.

"ಮತ್ತ ನಿನ್ನ ಹೆಸರು ಹೇಳಲೇನು?"

"ಹೇಳಿದ್ರ ಬೈಗುಳಾ ನನಗ. ಹೇಳದಿದ್ರ ಕೆಲಸ ಮುಂಬಯಿದವಗ. ನೀ ಸಾಲಿ ಕಲ್ತಾಕಿ, ನೀನ ಹೇಳವ್ವಾ, ಯಾವದು ಚಲೋ?"

ನೀಲಗಂಗಾ ಲೆಕ್ಕ ಹಾಕುತ್ತಾಳೆ. ಹೇಳಿದರೆ ಅಪ್ಪನ ಮಾತು ಸುಳ್ಳಾಗುತ್ತದೆ, ಮೋಟಾರು ಮಾರದೆ ಉಳಿದೀತು, ಬೀರವ್ವನನ್ನು ಶೆಡ್ಡಿನಿಂದಲೇ ಹೊರಗೆ ಹಾಕಿಯಾರು. ಹೇಳದಿದ್ದರೆ? ಅವಳು ಒಮ್ಮೆ ಹೀಗೆ, ಒಮ್ಮೆ ಹಾಗೆ ಎನ್ನುತ್ತಿರುವಾಗಲೇ ಬೀರವ್ವ ಭಂಡಾರವನ್ನೆಲ್ಲ ಝಾಡಿಸಿ, ಉಣ್ಣೆ ತುಂಬಿ, ಹೊಲಿದು, ಗಾದಿಯನ್ನು ಮೋಟಾರಿನೊಳಗೆ ಕೂಡಿಸುತ್ತಾಳೆ.

ಬಿಸಿಲೇರಿದ ಮೇಲೆ ಶಾಂತಲಿಂಗಪ್ಪನವರು ಬರುತ್ತಾರೆ. ಹೆಗಲ ಮೇಲಿನ ಟಾವೆಲ್ಲು ಹಾಸಿ, ಹುಷಾರಾಗಿ ಕೂರುತ್ತಾರೆ. ಆಮೇಲೆ ಒರಗುತ್ತಾರೆ. ಕಣ್ಣು ಮುಚ್ಚುತ್ತಾರೆ.

"ಎದ್ದು ನೋಡ್ರಿ ಸಾಹುಕಾರ್ರ, ಬಣ್ಣ ಹತ್ತೈತೇನು?" ತುಕಾರಾಮ ಅನ್ನುತ್ತಾನೆ.

"ಏಳೂದ ಬ್ಯಾಡಾಗೈತಿ ಮಾರಾಯಾ. ಶಂಕರೆಪ್ಪ, ಆ ಮುಂಬಯಿದವನ ಪತ್ತಾ ಕೊಡು. ಹಳದಿ ಯಾಕ ಹಾಕಿದಿ ಅಂತನೂ ಕೇಳಬೇಕು ಅವನ್ನ."

ಅಪ್ಪ ಕೆಮ್ಮುತ್ತಾರೆ. ಬೀರವ್ವ ಮೋಟಾರಿನ ಹಿಂದೆ ನೆಲ ನೋಡುತ್ತ ನಿಂತಿದ್ದಾಳೆ. ಏನಾದೀತೆಂದು ನೀಲಗಂಗಾಳಿಗೆ ಈಗಲೂ ತಿಳಿಯದು. ಆಕೆ ಸೆರಗು ಬಿಟ್ಟು ಎರಡು ಹೆಜ್ಜೆ ಮುಂದೆ ಬರುತ್ತಾಳೆ.

"ಮುಂಬಯಿದವ ಯಾರೂ ಇಲ್ಲರಿ ಕಾಕಾ. ಈ ಗಾದಿ ನಮ್ಮ ಬೀರವ್ವ ಹೊಲದಾಳ. ಭಂಡಾರಾನೂ ಆಕೀನ ಹಾಕ್ಯಾಳ, ಕುಂತವರು ಬೀಳಬಾರದಂತ."