ಮಗಳು ಹುಟ್ಟಿದಾಗ ಹಾರಿದ ಗುಂಡು

ಹೆರಿಗೆಯ ಸುಸ್ತಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಅಂಗಳದಲ್ಲಿ ಢಂ ಎಂದು ಕೋವಿಯ ಸದ್ದಾಯಿತು. ಮಗುವನ್ನು ಅವಚಿಕೊಂಡೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲವದು. ನನ್ನವರಿಗೆ ನಾಪೋಕ್ಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತೆಂದು ಧಾರವಾಡದಿಂದ ಬಂದು, ಕೊಡವರ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗಿದ್ದೆವು.

ಮನೆಯೊಡತಿ ಬಿಸಿನೀರು ಹಿಡಿದು ಒಳಬಂದರು. "ಹೆದರ್ಬೇಡ. ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು ಹೊಡೀತಾರೆ, ಊರಿಗೆ ಗೊತ್ತಾಗೋಕೆ."

"ಇದು ಹೆಣ್ಣೈತಲ್ರೀ ಅವ್ವಾ!" ಎಂದೆ.

"ಗೊತ್ತುಂಟು ಮಾರಾಯ್ತಿ, ಕೂಸನ್ನ ಮೊದಲು ಹಿಡ್ಕೊಂಡದ್ದು ನಾನೇ ಅಲ್ವಾ? ನಿನ್ನ ಕಡೆಯವ್ರು ಒಬ್ರೂ ಇಲ್ಲಿಲ್ಲ. ಮತ್ತೆ ಊರಿಗೆ ಯಾರು ಹೇಳೋದು? ಹೊಡೀರಿ ಅಂತ ನಾನೇ ನಮ್ಮ ಯಜಮಾನ್ರಿಗೆ ಹೇಳಿದೆ."

ಗಂಡುಮಗು ನೋಡಲೆಂದು ಓಡಿಬಂದ ಅಕ್ಕಪಕ್ಕದ ಹೆಂಗಸರು ಹೆಣ್ಣನ್ನು ಕಂಡು ಬಿದ್ದುಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎತ್ತಿಕೊಂಡು ಮುದ್ದಾಡಿದರು.

ಕೂಸನ್ನು ಎತ್ತಿಕೊಂಡು ಮೊದಲ ಸಲ ಧಾರವಾಡಕ್ಕೆ ಹೋದಾಗ ಅಲ್ಲಿನ ಮನೆಮಂದಿ "ಹೆಣ್ಣೇನು?" ಎಂದು ಸುಮ್ಮನಾದರು. ಆ ಮೌನ ನನ್ನನ್ನು ಅಷ್ಟಾಗಿ ತಟ್ಟಲಿಲ್ಲ. ಕಿವಿಯಲ್ಲಿ ಇನ್ನೂ ಆ ಗುಂಡಿನ ಸದ್ದೇ ಇತ್ತು.