ಎತ್ತರಿ ಎಂಬ ಒಂದೇ ಮಾತು

ಬೀದರಿನ ದವಾಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಅಮೆರಿಕದಿಂದ ಬಂದ ಡಾಕ್ಟರಮ್ಮ ಒಬ್ಬರು ಹೆಂಗಸರಿಗಾಗಿ ನಡೆಸುತ್ತಿದ್ದ ಸಣ್ಣ ದವಾಖಾನೆ ಅದು. ಅವರಿಗೆ ಉರ್ದು ತಕ್ಕಮಟ್ಟಿಗೆ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಕಮಠಾಣದಿಂದಲೋ ಔರಾದ ಕಡೆಯಿಂದಲೋ ಬರುವ ಹೆಂಗಸರಲ್ಲಿ ಬಹಳಷ್ಟು ಜನಕ್ಕೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ನಡುವೆ ನಿಂತು ಅವರ ಮಾತು ಇವರಿಗೆ, ಇವರದು ಅವರಿಗೆ ಮುಟ್ಟಿಸುವುದು ನನ್ನ ಕೆಲಸ.

ನನಗೆ ಇಂಗ್ಲಿಷ್ ಕಲಿಸಿದವರು ನನ್ನ ಗಂಡ. ಹೈದರಾಬಾದಿನಲ್ಲಿ ಓದಿ ಬಂದಿದ್ದ ಅವರು ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿಕೊಂಡು ನಾಲ್ಕು ವರ್ಷ ಪಾಠ ಹೇಳಿದರು. ಊರಿಗೆಲ್ಲ ಜ್ವರ ಹಬ್ಬಿದ ವರ್ಷ ಅವರು ಲಿಂಗೈಕ್ಯರಾದರು. ಆಮೇಲೆ ನಾನು ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆ. ಆ ಗಂಟನ್ನು ಕೆಳಗಿಳಿಸಿ ನನ್ನ ಮುಂದಿಟ್ಟವರು ಅತ್ತೆ. ಬೀದರಿನಲ್ಲಿ ಇಂಗ್ಲಿಷ್ ಬಲ್ಲ ಹೆಂಗಸು ಬೇಕಂತೆ ಎಂಬ ಸುದ್ದಿಯನ್ನು ಯಾರಿಂದಲೋ ಕೇಳಿಕೊಂಡು ಬಂದಿದ್ದರು. ಮಾವನ ಅಣ್ಣ ಬಂದು, ಗಂಡ ಸತ್ತವಳನ್ನು ಪರಜಾತಿಯವರ ದವಾಖಾನೆಗೆ ಕಳಿಸಿದರೆ ಮಠದಲ್ಲಿ ಏನಂದಾರು ಎಂದು ಕೂಗಾಡಿದರು. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದರು.

"ಕೊರಳಾಗ ಲಿಂಗ ಅದ. ಕೈಯಾಗ ಕಾಯಕ ಇರ್ಲಿ. ಇದ್ರಾಗ ತಪ್ಪೇನದರಿ?"

ಮಾವನ ಅಣ್ಣ ಎದ್ದು ಹೊರಟುಹೋದರು. ನಾನು ಬೀದರಿಗೆ ಬಂದೆ.

ಮೊದಲ ಮೂರು ತಿಂಗಳು ಸುಲಭವಾಗಿಯೇ ಕಳೆದವು. ನಾಲಗೆ ತೋರಿಸಿ, ಎಷ್ಟು ದಿನದಿಂದ ನೋವು, ಈ ಔಷಧಿ ಊಟವಾದ ಮೇಲೆ ಕುಡಿಯಿರಿ, ಇಂಥ ಮಾತುಗಳೇ ಹೆಚ್ಚು. ಇಷ್ಟೇ ಕೆಲಸವಾದರೆ ನನ್ನಂಥವಳು ಇನ್ನೊಬ್ಬಳು ಸಿಗಲಾರಳು ಎಂಬ ಸೊಕ್ಕೂ ಸ್ವಲ್ಪ ಬಂದಿತ್ತು.

ಆಗ ಎಕಂಬಾದಿಂದ ಒಂದು ಬಂಡಿ ಬಂತು. ಜೋಳದ ಕಣಕಿ ಹಾಸಿದ ಬಂಡಿಯಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಮಲಗಿದ್ದಳು. ತೊಗರಿ ಒಣಹಾಕಲು ಮಾಳಿಗೆ ಹತ್ತಿದವಳು ಕಾಲು ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಗಂಡ ಮತ್ತು ಅವಳ ಅಣ್ಣ ಎರಡು ದಿನ ಬಂಡಿ ಹೊಡೆದುಕೊಂಡು ಬಂದಿದ್ದರು. ಅವಳನ್ನು ಮೇಜಿನ ಮೇಲೆ ಮಲಗಿಸಿದ ಡಾಕ್ಟರಮ್ಮ ಎರಡೂ ಕೈಯಿಂದ ಅವಳ ಪಾದ ಹಿಡಿದು ಎಲುಬು ಅಲುಗದಂತೆ ಎಳೆದುಕೊಂಡು ನಿಂತರು. ಅವಳಿಗೆ ನೀರು ಕುಡಿಸಬೇಕಿತ್ತು. ಅವರು ನನ್ನ ಕಡೆ ನೋಡಿ, ಅವಳನ್ನು ಸ್ವಲ್ಪ ‘ರೇಜ್’ ಮಾಡಲು ಹೇಳು ಎಂದರು. ನಾನು ಗಂಡಸರಿಬ್ಬರಿಗೂ ತಡಮಾಡದೆ ಹೇಳಿದೆ.

"ತುಸು ಎತ್ತರಿ."

ಅವರು ಎತ್ತಿದರು. ಒಬ್ಬ ಹೆಗಲ ಕೆಳಗೆ, ಇನ್ನೊಬ್ಬ ಮೊಣಕಾಲ ಕೆಳಗೆ ಕೈಹಾಕಿ ಅವಳನ್ನು ಇಡಿಯಾಗಿ ಮೇಜಿನಿಂದ ಎತ್ತಿಬಿಟ್ಟರು. ಪಾದ ಡಾಕ್ಟರಮ್ಮನ ಕೈಯಿಂದ ಜಾರಿತು. ಆ ಹೆಂಗಸು ಚೀರಿದ ದನಿ ಹೊರಗಿನ ಬೇವಿನ ಮರದ ಕೆಳಗೆ ಕೂತವರನ್ನೆಲ್ಲ ಎಬ್ಬಿಸಿ ನಿಲ್ಲಿಸಿತು. ಮರುಗಳಿಗೆ ಅವಳಿಗೆ ಎಚ್ಚರ ತಪ್ಪಿತ್ತು.

ಎಲುಬನ್ನು ಮತ್ತೆ ಸರಿಗೂಡಿಸಿ, ಕಾಲಿಗೆ ಹಗ್ಗ ಕಟ್ಟಿ, ಮಂಚದ ಮೇಲಿನ ಕಟ್ಟಿಗೆಯ ರಾಟೆಯಿಂದ ಮರಳಿನ ಚೀಲ ಇಳಿಬಿಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಡಾಕ್ಟರಮ್ಮ ಕೈತೊಳೆದುಕೊಂಡು ಜಗುಲಿಗೆ ಬಂದು, ನಾನು ಆ ಗಂಡಸರಿಗೆ ಹೇಳಿದ ಮಾತು ಯಾವುದು ಎಂದು ಕೇಳಿದರು. ಹೇಳಿದೆ. ಹಾಗಾದರೆ ‘ಲಿಫ್ಟ್’ ಎಂಬುದಕ್ಕೆ ಏನನ್ನುತ್ತೀ ಎಂದರು. ಅದಕ್ಕೂ ಎತ್ತರಿ ಎಂದೇ ಅನ್ನುತ್ತೇನೆ ಎಂದೆ. ‘ಹಾಯ್ಸ್ಟ್’ಗೆ? ಅದಕ್ಕೂ ಅದೇ. ಅವರು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ನಾಳೆ ಊಟವಾದ ಮೇಲೆ ಖಾಲಿ ಮಂಚದ ಹತ್ತಿರ ಬಾ ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಅವರು ಬೂಟು ಬಿಚ್ಚಿ ತಾವೇ ಆ ಮಂಚದ ಮೇಲೆ ರೋಗಿಯಂತೆ ಮಲಗಿಬಿಟ್ಟರು. ನನ್ನನ್ನು ‘ರೇಜ್’ ಮಾಡು ಎಂದರು. ನಾನು ತೋಳಿಗೆ ಕೈಹಾಕಲು ಹೋದೆ. ಅವರು ತಡೆದು, ನನ್ನ ಅಂಗೈಯನ್ನು ತಮ್ಮ ತಲೆಯ ಕೆಳಗೆ ಇಟ್ಟುಕೊಂಡರು. ಮೈ ಮಂಚದ ಮೇಲೆಯೇ ಇರುತ್ತದೆ, ಒಂದು ಭಾಗ ಮಾತ್ರ ಮೇಲಕ್ಕೆ ಬರುತ್ತದೆ, ದವಾಖಾನೆಯಲ್ಲಿ ನಾನು ‘ರೇಜ್’ ಅಂದರೆ ಇಷ್ಟೇ ಎಂದು ತಿಳಿ ಎಂದರು. ‘ಲಿಫ್ಟ್’ ಅಂದರೆ ಇದ್ದ ಜಾಗ ಬಿಟ್ಟು ಭಾರವೆಲ್ಲ ನಿನ್ನ ಕೈಮೇಲೆ ಬರಬೇಕು. ಎಕಂಬಾದವಳ ಕಾಲು ರಾಟೆಯಿಂದ ಮೇಲೇರಿದೆಯಲ್ಲ, ಹಗ್ಗ ಹಾಕಿ ಹಾಗೆ ಮೇಲಕ್ಕೆ ಎಳೆಯುವುದು ‘ಹಾಯ್ಸ್ಟ್’. ಅಂಗಳದಲ್ಲಿ ಮಾಲಿ ಕಲ್ಲೊಂದನ್ನು ಉಸಿರು ಬಿಗಿಹಿಡಿದು ಬಂಡಿಗೆ ಹಾಕುತ್ತಿದ್ದ. ಅದನ್ನು ತೋರಿಸಿ ‘ಹೀವ್’ ಎಂದರು. ‘ಎಲಿವೇಟ್’ ಎಂಬುದು ‘ರೇಜ್’ನ ಅಣ್ಣ, ಕೋಟು ಹಾಕಿಕೊಂಡಿರುತ್ತಾನೆ, ಕಾಗದದಲ್ಲಿ ಬರೆಯುವಾಗ ಮಾತ್ರ ಬರುತ್ತಾನೆ ಎಂದು ನಕ್ಕರು.

ಇಂಗ್ಲಿಷ್ ಅರ್ಥವಾಯಿತು. ಆದರೆ ಎಕಂಬಾದವರ ಮುಂದೆ ನಾನು ಏನು ಹೇಳಬೇಕು? ಅಮಾವಾಸ್ಯೆಗೆ ಎರಡು ದಿನ ರಜೆ ಪಡೆದು ಭಾಲ್ಕಿಗೆ ಹೋದಾಗ ನನ್ನ ತಪ್ಪನ್ನು ಅತ್ತೆಯ ಮುಂದೆ ಒಪ್ಪಿಕೊಂಡು ಕೇಳಿದೆ. ಮಾವ ಹಾಸಿಗೆ ಹಿಡಿದಿದ್ದ ಮೂರು ವರ್ಷ ಅವರನ್ನು ನೋಡಿಕೊಂಡವರು ಅತ್ತೆ. ಅವರು ನನ್ನನ್ನು ಚಾಪೆಯ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತರು.

"ತಲಿ ಮ್ಯಾಲ ಮಾಡು ಅಂದ್ರ ತಲಿ ಅಷ್ಟ ಏಳ್ತದ. ಎಬ್ಬಿಸು ಅಂದ್ರ ಹಾಸಿಗ್ಯಾಗ ಕೂಡಿಸೂದು. ಎತ್ತು ಅಂದ್ರ ಮೈಯೆಲ್ಲಾ ಬರ್ತದ. ನಿಮ್ಮ ಮಾವನ್ನ ಎತ್ತು ಅಂತ ನಾ ಒಮ್ಮಿನೂ ಹೇಳಿಲ್ಲ ತಂಗಿ, ನಾಕ ಮಂದಿ ಇಲ್ಲದ."

ಹಗ್ಗ ಹಾಕಿದರೆ, ಕೆಳಗೆ ಏನಾದರೂ ಕೊಟ್ಟು ಮೇಲೆ ಮಾಡಿದರೆ ಅದನ್ನು ಏರಿಸುವುದು ಎನ್ನಬೇಕು ಎಂದೂ ಹೇಳಿದರು. ಡಾಕ್ಟರಮ್ಮ ಒಂದು ಮಧ್ಯಾಹ್ನವೆಲ್ಲ ಕಲಿಸಿದ್ದು ಅತ್ತೆಯ ಬಾಯಲ್ಲಿ ಮೊದಲೇ ಇತ್ತು. ನಮ್ಮ ಮಾತಿನಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಹುಡುಕದೆ, ಬಾಯಿಗೆ ಬಂದ ಮೊದಲ ಮಾತನ್ನು ಎಸೆದವಳು ನಾನು. ಅದು ತಿಳಿದಾಗ ನಾಚಿಕೆಯ ಜೊತೆಗೆ ಒಂದು ಹೆಮ್ಮೆಯೂ ಆಯಿತು. ಓದು ಬರಹ ಬಾರದ ನನ್ನ ಅತ್ತೆ ಡಾಕ್ಟರಮ್ಮನಿಗೆ ಸರಿಸಮವಾಗಿ ನಿಂತಿದ್ದರು.

ನಾನು ತಿರುಗಿ ಬಂದ ವಾರದಲ್ಲೇ ಮರಳಿನ ಭಾರ ಹೆಚ್ಚಿಸಿದ್ದರಿಂದ ಎಕಂಬಾದವಳು ಮಂಚದಲ್ಲಿ ಕಾಲಿನ ಕಡೆಗೆ ಜಾರತೊಡಗಿದಳು. ಡಾಕ್ಟರಮ್ಮ ಬಂದು ನೋಡಿ, ‘ರೇಜ್ ದಿ ಫುಟ್’ ಎಂದರು. ‘ಕಾಲು ಮ್ಯಾಲ ಮಾಡ್ರಿ’ ಎಂಬುದು ನನ್ನ ತುದಿನಾಲಗೆಗೆ ಬಂದಿತ್ತು. ಅಷ್ಟರಲ್ಲಿ ನನಗೆ ನಾನೇ ತಡೆ ಹಾಕಿಕೊಂಡೆ. ಡಾಕ್ಟರಮ್ಮನ ಕೈಸನ್ನೆ ನೋಡಿ ಅವಳ ಗಂಡ ಆಗಲೇ ಅವಳ ಒಳ್ಳೆಯ ಕಾಲಿನ ಹತ್ತಿರ ಕೈ ತಂದಿದ್ದ. ಮಂಚದ್ದೋ ಅವಳದೋ ಎಂದು ಡಾಕ್ಟರಮ್ಮನನ್ನು ಕೇಳಿದೆ. ಮಂಚದ್ದು ಎಂದರು. ಆಗ ಗಂಡಸರಿಗೆ, ಮಂಚದ ಕಾಲ್ಕಡೆಯನ್ನು ತುಸು ಏರಿಸಿ, ಅವಳನ್ನು ಮುಟ್ಟಬೇಡಿ ಎಂದೆ. ಮಂಚದ ಎರಡು ಕಾಲುಗಳ ಕೆಳಗೆ ಇಟ್ಟಿಗೆಗಳು ಸೇರಿಕೊಂಡವು. ಅವಳು ನರಳಲಿಲ್ಲ. ಇನ್ನು ಜಾರುವುದಿಲ್ಲವಲ್ಲ ಎಂದಷ್ಟೇ ಕೇಳಿದಳು.

ವಾರಗಳು ಕಳೆದು ಎಲುಬು ಕೂಡಿತು. ರಾಟೆಯಿಂದ ಬಿಡಿಸಿ, ಕಾಲಿಗೆ ಕಟ್ಟಿಗೆಯ ದಬ್ಬೆ ಕಟ್ಟಿ, ಅವಳನ್ನು ಬೇರೆ ಮಂಚಕ್ಕೆ ಸಾಗಿಸುವ ದಿನ ಬಂತು. ಡಾಕ್ಟರಮ್ಮ ಕಾಲನ್ನು ಬಿಡುವಂತಿರಲಿಲ್ಲ. ಆದ್ದರಿಂದ ಅವಳ ಗಂಡ, ಅಣ್ಣ, ಮಾಲಿ, ದವಾಖಾನೆಯ ಆಳು ಈ ನಾಲ್ವರಿಗೆ ಮಾತು ಹೇಳುವ ಹೊಣೆಯೆಲ್ಲ ನನ್ನ ಮೇಲೆ ಬಿತ್ತು. ಯಾವ ಮಾತಿಗೆ ಯಾರು ಏನು ಮಾಡಬೇಕೆಂದು ಮೊದಲೇ ಎರಡು ಸಲ ಒಪ್ಪಿಸಿಕೊಂಡೆ. ಅವಳ ಗಂಡ ನನ್ನ ಕಡೆ ತಿರುಗಿದ.

"ಅಕ್ಕಾರ, ಅವತ್ತಿನಂಗ ಆಗಂಗಿಲ್ಲಲ್ಲರಿ?" ಎಂದ.

"ಅವತ್ತು ತಪ್ಪು ನಂದಿತ್ರಿ," ಎಂದೆ. "ನೀವು ನಾ ಹೇಳಿದ್ದ ಮಾಡಿದ್ರಿ. ಇವತ್ತು ಹಂಗಾಗಂಗಿಲ್ಲ."

ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ನನ್ನ ದನಿ ನೆಟ್ಟಗಾಯಿತು. ತಲಿ ಮ್ಯಾಲ ಮಾಡ್ರಿ ಎಂದೆ, ತಲೆ ಎದ್ದಿತು, ಕೆಳಗೆ ದುಪ್ಪಟಿ ಸರಿಯಿತು. ಈಗ ಎತ್ತರಿ ಎಂದೆ. ನಾಲ್ವರೂ ಒಂದೇ ಸಲಕ್ಕೆ ಎತ್ತಿದರು. ಮೂರು ಹೆಜ್ಜೆ ಸರಿದು ಇನ್ನೊಂದು ಮಂಚದ ಮೇಲೆ ಇಳಿಸಿದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತೆರೆದು, ಆಯಿತೇ ಎಂದಳು. ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಅವತ್ತು ಕೆಲಸ ಮುಗಿದ ಮೇಲೆ ಡಾಕ್ಟರಮ್ಮ, ‘ಹೂ ರೇಜ್ಡ್ ಯು?’ ಎಂದರು. ನಾನು ಕಲಿತದ್ದನ್ನೆಲ್ಲ ನೆನಪಿಗೆ ತಂದುಕೊಂಡೆ. ಮೈ ಅಲ್ಲೇ ಇರುತ್ತದೆ, ತಲೆ ಮೇಲಕ್ಕೆ ಬರುತ್ತದೆ. ಯಾರೂ ಇಲ್ಲ, ಕೋಳಿ ಕೂಗಿದಾಗ ನಾನೇ ಏಳುತ್ತೇನೆ ಎಂದೆ. ಅವರು ನಗುತ್ತ ನಗುತ್ತ ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, ತಮ್ಮ ದೇಶದಲ್ಲಿ ಮಗುವನ್ನು ಸಾಕಿ ಬೆಳೆಸುವುದಕ್ಕೂ ಇದೇ ಮಾತು ಎಂದು ತಿಳಿಸಿದರು. ಒಂಬತ್ತು ವರ್ಷದವಳಾಗಿದ್ದಾಗ ಸೊಸೆಯಾಗಿ ಹೋದೆ, ಅತ್ತೆಯೇ ಬೆಳೆಸಿದರು ಎಂದೆ. ಅವರನ್ನು ನೋಡಬೇಕಲ್ಲ ಎಂದರು.

ಎಕಂಬಾದವಳು ಕೋಲೂರಿಕೊಂಡು, ಒಂದು ಕಾಲು ಸ್ವಲ್ಪ ಎಳೆಯುತ್ತ, ಆದರೆ ತನ್ನ ಕಾಲ ಮೇಲೆ ತಾನೇ ನಡೆದು ಬಂಡಿ ಹತ್ತಿದ ದಿನವೇ ಅತ್ತೆ ಬೀದರಿಗೆ ಬಂದರು. ಸಜ್ಜಕದ ಹೋಳಿಗೆ ಕಟ್ಟಿಕೊಂಡು ಬಂದಿದ್ದರು. ಡಾಕ್ಟರಮ್ಮ ಅವರ ಎರಡೂ ಕೈ ಹಿಡಿದುಕೊಂಡು, ಇಂಥವಳನ್ನು ಬೆಳೆಸಿದ ನಿಮ್ಮ ಮುಂದೆ ನಾನು ಸಣ್ಣವಳು ಎಂದರು. ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನೇ. ನನ್ನ ಹೊಗಳಿಕೆಯನ್ನು ನನ್ನ ಬಾಯಿಂದಲೇ ಹೇಳಲು ನಾಚಿಕೆಯಾಗಿ ಅರ್ಧಕ್ಕೆ ನಿಲ್ಲಿಸಿದೆ. ಅತ್ತೆ ಬಿಡಲಿಲ್ಲ.

"ಪೂರಾ ಹೇಳು. ನಿನ್ನ ಕೆಲಸ ಅದಲ್ಲೇನು?"

ಪೂರಾ ಹೇಳಿದೆ. ಅತ್ತೆ ಹೋಳಿಗೆಯ ಗಂಟನ್ನು ಡಾಕ್ಟರಮ್ಮನ ಕೈಗಿಟ್ಟರು. ಆಮೇಲೆ, ಒಬ್ಬ ಮಗ ಹೋದ, ಮಗಳು ಉಳಿದಳು ಎಂದು ಅವರಿಗೆ ಹೇಳು ಎಂದರು. ಅದನ್ನೂ ಹೇಳಿದೆ, ಒಂದು ಮಾತೂ ಬಿಡದೆ.

ಅತ್ತೆ ಮೂರು ದಿನ ನನ್ನ ಕೋಣೆಯಲ್ಲಿ ಉಳಿದರು. ಎರಡನೆಯ ದಿನ ಭಾತಂಬ್ರಾದ ಒಬ್ಬ ಮುದುಕಿಗೆ ಅವಳ ಸೊಸೆ ಗಂಜಿ ಕುಡಿಸುತ್ತಿದ್ದುದನ್ನು ನೋಡಿ, ಹಾಗಲ್ಲ, ನೆತ್ತಿಗೇರುತ್ತದೆ ಎಂದು ತಾವೇ ಹೋಗಿ ಮುದುಕಿಯ ತಲೆಯ ಕೆಳಗೆ ಕೈಕೊಟ್ಟು ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ, ಇವರು ಇಲ್ಲೇ ಇದ್ದುಬಿಡುತ್ತಾರೆಯೇ ಕೇಳು ಎಂದರು. ಕೇಳಿದೆ. ಹೊಲದಲ್ಲಿ ಕಡಲೆ ಕೀಳುವುದಿದೆ, ಅದು ಮುಗಿಯಲಿ, ನೋಡೋಣ ಎಂದರು ಅತ್ತೆ.