ಗೋಡೆ ಬಿಟ್ಟು ಕೂರುವುದು

ಶಿವಕಾಂತಾ ಹೋಗಿ ವಾರವಾಯಿತು. ನನಗಿನ್ನೂ ಅಳು ಬಂದಿಲ್ಲ.

ಮರಾಠಿ ಸೀಮೆಯ ಧನಕವಡಿಯ ಕನ್ನಡ ಶಾಲೆಯೊಂದರಲ್ಲಿ ಇಬ್ಬರೂ ಕಲಿಸುತ್ತಿದ್ದೆವು. ನಮ್ಮದು ಕರಾವಳಿಯ ಹೋಟೆಲಿನವರ ಮನೆ. ಅವಳ ಅಪ್ಪ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಅವಳು ಅಲ್ಲೇ ಹತ್ತಿರದ ಕೊಂಢವಾ ಬಡಾವಣೆಯ ತಗಡಿನ ಶೆಡ್ಡಿನಲ್ಲಿ ಬೆಳೆದಳು. ಡಿ.ಎಡ್. ಪರೀಕ್ಷೆಯಲ್ಲಿ ಅವಳಿಗೆ ಭಯಕ್ಕೆ ಬರೆಯಲಾಗುತ್ತಿರಲಿಲ್ಲವಂತೆ. ಮರಾಠಿ ಹೆಂಗಸೊಬ್ಬರ ಹತ್ತಿರ ಯೋಗ ಕಲಿತು ಪಾರಾದಳಂತೆ.

ಈ ೨೦೦೩ರ ಜನವರಿಯಲ್ಲಿ ಹತ್ತನೆಯ ತರಗತಿಯ ದುರ್ಗಾ ಪೂರ್ವಪರೀಕ್ಷೆಯಲ್ಲಿ ಖಾಲಿ ಉತ್ತರಪತ್ರಿಕೆ ಕೊಟ್ಟು ಬಂದಳು. ಎಲ್ಲ ಬರುತ್ತಿದ್ದ ಹುಡುಗಿ.

"ಪೇಪರ್ ಕೈಗೆ ಬಂತಂದ್ರ ಮುಗೀತ್ರಿ ಟೀಚರ್. ನಾ ಫೇಲ್, ಅಪ್ಪ ಕೆಲಸಕ್ಕ ಹಚ್ತಾನ, ಅದೊಂದೇ ತಲ್ಯಾಗ."

ಮಾರ್ಚಿನ ಬೋರ್ಡ್ ಪರೀಕ್ಷೆಯಲ್ಲೂ ಹೀಗಾದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಶಿವಕಾಂತಾ ಬೆಳಿಗ್ಗೆ ಯೋಗ ಶುರುಮಾಡಿದಳು. ತಾನು ಕಲಿತ ಹಾಗೆಯೇ ಮಕ್ಕಳನ್ನು ಗೋಡೆಗೆ ಒರಗಿಸಿ, ಕಾಲು ಮಡಚಿಸಿ, ಕಣ್ಣು ಮುಚ್ಚಿಸಿದಳು. ಕೆಲವು ದಿನಕ್ಕೆ ದುರ್ಗಾಳ ಅಜ್ಜಿ ಸಾಬವ್ವ ಬಾಗಿಲಲ್ಲಿ ನಿಂತರು.

"ಏನವ್ವ ಶಿವಕಾಂತಾ, ನಮ್ಮ ಮಂದೀನ ಮರತೀಯೇನು? ಜೀವಂತ ಹುಡುಗರನ್ನ ಹೆಣ ಕುಂದರಿಸಿದಂಗ ಕುಂದರಿಸೀದಿ. ಹಣಿಗೆ ಇಬತ್ತಿ ಒಂದು ಬಾಕಿ."

ಅವರಿಬ್ಬರದೂ ಒಂದೇ ಜಾತಿ, ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ. ಶಿವಕಾಂತಾ ನಕ್ಕುಬಿಟ್ಟಳು.

"ಖರೇ ಅದ ಆಯಿ, ತಪ್ಪಾತು." ಮಕ್ಕಳ ಕಡೆ ತಿರುಗಿದಳು. "ಗೋಡಿ ಬಿಟ್ಟು ಮುಂದ ಬರ್ರಿ. ಕಣ್ಣು ತಗೀರಿ. ಗೋಡಿ ಬೇಕಾಗೋದು ಸತ್ತೋರಿಗೆ."

ಅದೇ ರೂಢಿಯಾಯಿತು. ದುರ್ಗಾಗೆ ಹೇಳುತ್ತಿದ್ದಳು, "ಫೇಲ್ ಅನಿಸಿದ್ರ ಅನಿಸ್ಲಿ. ಉಸಿರು ಪೂರಾ ಬಿಡು, ಆಮ್ಯಾಲ ಮುಂದಿನ ಸಾಲು ಓದು." ದುರ್ಗಾ ತರಗತಿಯ ಕಿರುಪರೀಕ್ಷೆಗಳನ್ನು ಬರೆಯತೊಡಗಿದಳು.

ಬೋರ್ಡ್ ಪರೀಕ್ಷೆಯ ಹಿಂದಿನ ಸಂಜೆ ಶಿವಕಾಂತಾಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಬೆಳಿಗ್ಗೆ ನಾನು ಹೋದಾಗ ಅವಳನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ತಲೆ ವಾಲದಂತೆ ಕಟ್ಟಿದ ಬಟ್ಟೆ. ಬೆನ್ನು ಗೋಡೆಗೆ ತಾಗಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಬೇರೇನೂ ಅನಿಸಲಿಲ್ಲ.

ಸಮವಸ್ತ್ರದಲ್ಲಿ ಬಂದ ದುರ್ಗಾ ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಕುಸಿದಳು.

"ನಾ ಪರೀಕ್ಷಾಕ್ಕ ಹೋಗಂಗಿಲ್ಲ."

ಸಾಬವ್ವ ಮೊಮ್ಮಗಳ ಭುಜ ಹಿಡಿದು ಮುಂದಕ್ಕೆ ಎಳೆದರು. "ಗೋಡಿ ಬಿಡು. ಅದು ಆಕೀದು."

ದುರ್ಗಾ ಬೆನ್ನು ನೆಟ್ಟಗೆ ಮಾಡಿ, ಕಣ್ಣು ತೆರೆದು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದಳು. ರಿಕ್ಷಾದಲ್ಲಿ ನಾನೇ ಕರೆದೊಯ್ದೆ.

ಅವಳು ಒಳಗೆ ಬರೆಯುತ್ತಿದ್ದಾಗ ಅಲ್ಲಿ ಶಿವಕಾಂತಾಳನ್ನು ಮಣ್ಣು ಮಾಡಿದರು. ನಾನು ಪರೀಕ್ಷಾ ಕೇಂದ್ರದ ಹೊರಗೆ ನಿಂತಿದ್ದೆ. ಹಿಂದೆ ಕಂಪೌಂಡ್ ಗೋಡೆ ಇತ್ತು. ಒರಗಲಿಲ್ಲ.

ಗಂಟೆ ಹೊಡೆದ ಮೇಲೆ ಎಲ್ಲರಿಗಿಂತ ಕೊನೆಗೆ ದುರ್ಗಾ ಬಂದಳು. "ಬರ್ಯಾಕ ಹಾಳಿ ಸಾಲಲಿಲ್ಲ, ಮತ್ತೆರಡು ಪುರವಣಿ ತಗೊಂಡೆ ರಾಜೀವಿ ಟೀಚರ್," ಅಂದಳು.